ಸೆಣಬು ಕೊಳೆಯಲಿ, ನಾರು ಉಳಿಯಲಿ

ಗೋಣಿಚೀಲದ ಒಂದು ಎಳೆ ಕಿತ್ತು ನೋಡಿ. ಅದು ಸೆಣಬಿನ ಗಿಡದ ತೊಗಟೆಯೊಳಗೆ ಇದ್ದ ನಾರು. ಅದನ್ನು ಗಿಡದಿಂದ ಬಿಡಿಸಿಕೊಟ್ಟದ್ದು ಕೊಳದ ನೀರಿನಲ್ಲಿದ್ದ ಬ್ಯಾಕ್ಟೀರಿಯಾ. ಯಂತ್ರದ ಕೆಲಸ ಶುರುವಾಗುವುದು ಆಮೇಲೆ.

ಸೆಣಬು ಹೆಚ್ಚಾಗಿ ಬೆಳೆಯುವುದು ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರ ಮತ್ತು ಬಾಂಗ್ಲಾದೇಶದಲ್ಲಿ. ಬಿತ್ತಿ ಸುಮಾರು 120 ದಿನಕ್ಕೆ ಗಿಡ ಆಳೆತ್ತರ ದಾಟಿರುತ್ತದೆ. ಕೊಯ್ದು, ಎಲೆ ಉದುರುವ ತನಕ ಹೊಲದಲ್ಲೇ ಬಿಟ್ಟು, ಕಂತೆ ಕಟ್ಟಿ ಕೆರೆಗೋ ಹಳ್ಳಕ್ಕೋ ಹಾಕುತ್ತಾರೆ. ಕಂತೆಗಳನ್ನು ನೀರಿನ ಮೇಲೆ ಒಟ್ಟಾಗಿ ಅಟ್ಟಿ ಜೋಡಿಸಿ, ಮೇಲೆ ಭಾರ ಹೇರಿ ಮುಳುಗಿಸುತ್ತಾರೆ. ಬಂಗಾಳದಲ್ಲಿ ಈ ಅಟ್ಟಿಗೆ ‘ಜಾಕ್’ ಎನ್ನುತ್ತಾರೆ.

ಇನ್ನು ನೀರೊಳಗಿನ ಕೆಲಸ. ನಾರಿನಲ್ಲಿ ಹೆಚ್ಚಿನ ಪಾಲು ಸೆಲ್ಯುಲೋಸ್. ನಾರುಗಳನ್ನು ತೊಗಟೆಗೂ ಒಳಗಿನ ಕಡ್ಡಿಗೂ ಅಂಟಿಸಿಡುವುದು ಮುಖ್ಯವಾಗಿ ಪೆಕ್ಟಿನ್. ಕಾಂಡ ನೆನೆದು ಉಬ್ಬಿದಾಗ ಒಳಗಿನ ಸಕ್ಕರೆ ನೀರಿಗೆ ಇಳಿಯುತ್ತದೆ. ಗಾಳಿ ಬೇಕಾದ ಬ್ಯಾಸಿಲಸ್ ಜಾತಿಯವು ಮೊದಲು ಮುತ್ತಿಕೊಳ್ಳುತ್ತವೆ. ಅವು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಮುಗಿಸಿದ ಮೇಲೆ, ಗಾಳಿಯಿಲ್ಲದೆಯೇ ಬದುಕುವ ಕ್ಲಾಸ್ಟ್ರಿಡಿಯಂ ಸರದಿ. ಈ ಎರಡು ಬಗೆಯವೂ ಕಿಣ್ವ ಸುರಿಸಿ ಪೆಕ್ಟಿನ್ ಅಂಟನ್ನು ಕರಗಿಸುತ್ತವೆ. ಆ ಹೊತ್ತಿಗೆ ಹುಟ್ಟುವ ಬ್ಯುಟಿರಿಕ್ ಆಮ್ಲದಂಥವುಗಳಿಂದಲೇ ಆ ಕೆಟ್ಟ ವಾಸನೆ.

ತೊಂದರೆ ಏನೆಂದರೆ, ಕೊಳದಲ್ಲಿ ಎಲ್ಲ ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಕೆಲವಕ್ಕೆ ಸೆಲ್ಯುಲೋಸ್ ಕೂಡ ಆಹಾರವೇ. ಎರಡು ದಿನ ಜಾಸ್ತಿ ಬಿಟ್ಟರೆ ನಾರೇ ಸವೆದು ಬಲ ಕಳೆದುಕೊಳ್ಳುತ್ತದೆ. ಬೇಗ ತೆಗೆದರೆ ತೊಗಟೆ ಚೂರುಗಳು ಅಂಟಿಕೊಂಡೇ ಬರುತ್ತವೆ. ಬುಡ ದಪ್ಪ, ತುದಿ ತೆಳು; ಬುಡ ಹದಕ್ಕೆ ಬರುವಷ್ಟರಲ್ಲಿ ತುದಿ ಹದ ಮೀರಿರುತ್ತದೆ. ಅದಕ್ಕೇ ರೈತರು ಒಂದು ಕಡ್ಡಿ ಎಳೆದು, ಬುಡದಲ್ಲಿ ಹೆಬ್ಬೆರಳು ಒತ್ತಿ ಜಾರಿಸಿ ನೋಡುತ್ತಾರೆ. ನಾರು ಸಲೀಸಾಗಿ ಜಾರಿ ಬೆಳ್ಳನೆಯ ಕಡ್ಡಿ ಕಂಡರೆ ಹದ ಬಂತು ಅಂತ.

ಕೋಲ್ಕತ್ತ ಬಳಿಯ ಬ್ಯಾರಕ್‌ಪುರದಲ್ಲಿರುವ ಕೇಂದ್ರ ಸೆಣಬು ಸಂಶೋಧನಾ ಸಂಸ್ಥೆಯ (ಇಂಗ್ಲಿಷ್ ಚುಟುಕು ಹೆಸರು ಕ್ರೈಜಾಫ್) ವಿಜ್ಞಾನಿಗಳು ಕೈ ಹಾಕಿದ್ದು ಇಲ್ಲೇ. ಪೆಕ್ಟಿನ್ ಚೆನ್ನಾಗಿ ತಿನ್ನುವ, ಆದರೆ ಸೆಲ್ಯುಲೋಸ್ ಕರಗಿಸುವ ಕಿಣ್ವವೇ ಇಲ್ಲದ ಬ್ಯಾಸಿಲಸ್ ಪ್ಯುಮಿಲಸ್ ತಳಿಗಳನ್ನು ಹುಡುಕಿದರು. ಅಂಥ ಮೂರು ತಳಿಗಳನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ ‘ಕ್ರೈಜಾಫ್ ಸೋನಾ’ ಎಂಬ ಹೆಸರಿನಲ್ಲಿ ರೈತರಿಗೆ ಕೊಟ್ಟರು. ನನಗೆ ಇದರಲ್ಲಿ ತುಂಬಾ ಹಿಡಿಸುವುದು ಈ ಆಯ್ಕೆಯೇ. ಏನನ್ನು ತಿನ್ನುತ್ತದೆ ಎನ್ನುವಷ್ಟೇ ಜಾಗ್ರತೆಯಿಂದ, ಏನನ್ನು ತಿನ್ನಲಾರದು ಎಂದೂ ನೋಡಿದ್ದಾರೆ.

ಕಂತೆಗಳನ್ನು ಜೋಡಿಸುವಾಗ ಪದರ ಪದರಕ್ಕೂ ಈ ಪುಡಿ ಉದುರಿಸಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ; ಬೇಕಾದ ಬ್ಯಾಕ್ಟೀರಿಯಾ ಮೊದಲ ದಿನದಿಂದಲೇ ಹೆಚ್ಚಿನ ಸಂಖ್ಯೆಯಲ್ಲಿ ಇರುತ್ತವೆ. ಸುಮ್ನೆ ನೀರಿಗೆ ಹಾಕಿದಾಗ ಮೂರು ವಾರದವರೆಗೂ ಹಿಡಿಯುವ ಕೆಲಸ ಆರೇಳು ದಿನ ಮೊದಲೇ ಮುಗಿಯುತ್ತದೆ. ನಾರಿನ ದರ್ಜೆಯೂ ಒಂದೆರಡು ಮೆಟ್ಟಿಲು ಮೇಲೇರುತ್ತದೆ. ಅದೇ ನೀರಿನಲ್ಲಿ ಎರಡನೇ ಜಾಕ್ ಹಾಕಿದರೆ ಅರ್ಧದಷ್ಟು ಪುಡಿ ಸಾಕು.

ಆದರೆ ಪುಡಿಯೊಂದೇ ಎಲ್ಲವನ್ನೂ ಸರಿಮಾಡದು. ಜಾಕ್ ಮುಳುಗಿಸಲು ಕೈಗೆ ಸಿಗುವುದು ಕೆಸರು ಮತ್ತು ಬಾಳೆದಿಂಡು, ದುಡ್ಡು ಕೊಡಬೇಕಿಲ್ಲ. ಆದರೆ ಬಾಳೆಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಮಣ್ಣಿನ ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಹುಟ್ಟಿಸುತ್ತದೆ, ಬಂಗಾರದ ಹೊಳಪಿನ ನಾರು ಮಂಕಾಗುತ್ತದೆ, ಬೆಲೆ ಇಳಿಯುತ್ತದೆ. ಅದರ ಬದಲು ಮರಳು ತುಂಬಿದ ಚೀಲ ಹೇರಿ ಎಂದು ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ.

ಇನ್ನೊಂದು ನೀರಿನ ಮಾತು. 2022ರಲ್ಲಿ ದಕ್ಷಿಣ ಬಂಗಾಳಕ್ಕೆ ಮುಂಗಾರು ಕೈಕೊಟ್ಟಾಗ, ಕೊಯ್ದ ಸೆಣಬನ್ನು ಮುಳುಗಿಸಲು ನೀರಿಲ್ಲದೆ ರೈತರು ಪರದಾಡಿದರು. ಒಂದು ವಾರ ಬೇಗ ಮುಗಿದರೆ ಅದೇ ಗುಂಡಿಯ ನೀರು ಇನ್ನೊಬ್ಬರ ಬೆಳೆಗೂ ಸಿಗುತ್ತದೆ. ಸೊಂಟದುದ್ದ ನಾರುವ ನೀರಿನಲ್ಲಿ ದಿನವಿಡೀ ನಿಂತು ನಾರು ಬಿಡಿಸುವ ಕೂಲಿಯವರನ್ನೂ ನೆನೆಯಬೇಕು. ಅಂಟು ಪೂರ್ತಿ ಬಿಟ್ಟಿದ್ದರೆ ಬಡಿಯುವುದು, ತಿಕ್ಕುವುದು ಅಷ್ಟು ಕಡಿಮೆ. ಈ ಪುಡಿಗೆ ಬೆಲೆ ಕಟ್ಟುವಾಗ ನಾನು ದರ್ಜೆಗಿಂತ ಮೊದಲು ಇದನ್ನೇ ಲೆಕ್ಕಕ್ಕೆ ತಗೊಳ್ಳುತ್ತೇನೆ.

ತೆಂಗಿನ ನಾರಿನಲ್ಲೂ ಇದೇ ದಾರಿ ಇದೆ, ಆದರೆ ಕಷ್ಟ ಜಾಸ್ತಿ. ತಿಪಟೂರು, ಅರಸೀಕೆರೆ ಕಡೆ ಸಿಪ್ಪೆಯನ್ನು ಯಂತ್ರಕ್ಕೆ ಕೊಟ್ಟು ನಾರು ತೆಗೆಯುತ್ತಾರೆ. ಕೇರಳದ ಹಿನ್ನೀರಿನಲ್ಲಿ ಹಸಿ ಸಿಪ್ಪೆಯನ್ನು ಕೊಳೆಹಾಕುವ ಹಳೆಯ ಪದ್ಧತಿಗೆ ಆರು ತಿಂಗಳಿಗೂ ಹೆಚ್ಚು ಕಾಲ ಬೇಕು. ತೆಂಗಿನ ಸಿಪ್ಪೆಯಲ್ಲಿ ಗಿಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್, ಸುಲಭವಾಗಿ ಕೊಳೆಯಲು ಬಿಡದ ಫಿನಾಲ್‌ಗಳು ಬಹಳ. ಹಾಗಾಗಿ ಅಲ್ಲಿ ಪೆಕ್ಟಿನ್ ತಿನ್ನುವವು ಮಾತ್ರ ಸಾಲವು, ಫಿನಾಲ್ ಅರಗಿಸಿಕೊಳ್ಳುವ ಬ್ಯಾಕ್ಟೀರಿಯಾಗಳೂ ಬೇಕು.