ಬದಿಯಡ್ಕದ ಗೋದಾಮಿಗೆ ಮುಂಬೈಯಲ್ಲೊಂದು ಪಾಲು

ವಿಮೆಯ ನಷ್ಟ ಅಳೆಯುವ ಸರ್ವೇಯರ್ ಆಗಿ ಕುಂಬಳೆ, ಮುಳ್ಳೇರಿಯ ಕಡೆ ಓಡಾಡುವಾಗ ವ್ಯಾಪಾರಿಗಳು ಕೇಳುವುದುಂಟು: ‘ಊರಿಗೆ ಊರೇ ಮುಳುಗಿದರೆ ಕೊಡುವಷ್ಟು ಹಣ ಕಂಪನಿಯಲ್ಲಿ ಇದೆಯೇ ಮಾರಾಯರೇ?’ ನ್ಯಾಯವಾದ ಪ್ರಶ್ನೆ. ಬದಿಯಡ್ಕದಲ್ಲಿ ಎರಡು ಕೋಟಿ ರೂಪಾಯಿಯ ಚಾಲಿ ಅಡಿಕೆ ತುಂಬಿದ ಗೋದಾಮು ಸುಟ್ಟರೆ ಕಂಪನಿ ಅಲುಗಾಡುವುದಿಲ್ಲ. ಅದೇ ದಿನ ಕೊಚ್ಚಿಯ ಗೋದಾಮೂ ಸುಡುವ ಸಂಭವ ಕಡಿಮೆ. ಪ್ರವಾಹದ ರೀತಿಯೇ ಬೇರೆ. 2018ರ ಆಗಸ್ಟಿನಲ್ಲಿ ಕೇರಳದ ತೆಂಕಣ ಜಿಲ್ಲೆಗಳಲ್ಲಿ ಮನೆ, ಅಂಗಡಿ, ಕಾರು ಎಲ್ಲವೂ ಒಟ್ಟಿಗೇ ಮುಳುಗಿದವು. ಹಲವರ ಪ್ರೀಮಿಯಂನಿಂದ ಕೆಲವರ ನಷ್ಟ ತುಂಬುವ ಲೆಕ್ಕ ಅಂಥಲ್ಲಿ ಕೈಕೊಡುತ್ತದೆ.

ಅದಕ್ಕೇ ವಿಮಾ ಕಂಪನಿಯೂ ತನಗೊಂದು ವಿಮೆ ಮಾಡಿಸುತ್ತದೆ; ಇದೇ ಮರುವಿಮೆ. ಪಾಲಿಸಿಗಳ ಸ್ವಲ್ಪ ಪಾಲು ಕಾನೂನಿನಂತೆಯೇ ಮುಂಬೈಯ ಸರಕಾರಿ ಮರುವಿಮಾ ಕಂಪನಿ ಜಿಐಸಿ ರೀಗೆ ಹೋಗುತ್ತದೆ. ಈ ಕಡ್ಡಾಯ ಪಾಲು 2022–23ರಲ್ಲಿ ಶೇ 5ರಿಂದ 4ಕ್ಕೆ ಇಳಿಯಿತು. ಉಳಿದದ್ದಕ್ಕೆ ದೇಶ ವಿದೇಶಗಳ ಮರುವಿಮೆದಾರರೊಡನೆ ಒಪ್ಪಂದ. ಕೆಲವದರಲ್ಲಿ ಪ್ರೀಮಿಯಂ, ನಷ್ಟ ಎರಡನ್ನೂ ಒಂದೇ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ.

ಪ್ರವಾಹದಂಥ ಸಂದರ್ಭಕ್ಕೆ ಇನ್ನೊಂದು ಬಗೆಯ ಒಪ್ಪಂದವಿದೆ. ಒಂದು ದುರಂತದ ಮೊದಲ 50 ಕೋಟಿ ಕಂಪನಿಯದು, ಅದರ ಮೇಲಿನ 250 ಕೋಟಿ ಮರುವಿಮೆದಾರರದು ಎಂದಿಟ್ಟುಕೊಳ್ಳಿ. ನಷ್ಟ 180 ಕೋಟಿಯಾದರೆ 130 ಕೋಟಿ ಹೊರಗಿನಿಂದ ಬರುತ್ತದೆ. 300 ಕೋಟಿ ದಾಟಿದರೆ ಮಿಕ್ಕಿದ್ದು ಮತ್ತೆ ಕಂಪನಿಯ ತಲೆಗೇ.

ಜಗಳ ಹುಟ್ಟುವುದು ‘ಒಂದು ದುರಂತ’ ಎಂದರೆ ಎಷ್ಟು ಹೊತ್ತಿನೊಳಗಿನ ನಷ್ಟ ಎಂಬಲ್ಲಿ. ಪ್ರವಾಹಕ್ಕೆ ಸಾಮಾನ್ಯವಾಗಿ 168 ಗಂಟೆ, ಬಿರುಗಾಳಿಗೆ 72 ಗಂಟೆ ಎಂದು ಬರೆದಿರುತ್ತಾರೆ. ನಮ್ಮ ಆಟಿಯ ಮಳೆ ಏಳು ದಿನಕ್ಕೆ ನಿಲ್ಲುವ ಜಾತಿಯದೇ? ಹತ್ತು ದಿನ ಸುರಿದು ಅದೇ 180 ಕೋಟಿಯ ನಷ್ಟ 90 ಕೋಟಿಯ ಎರಡು ದುರಂತಗಳಾಗಿ ಒಡೆದರೆ ಕಂಪನಿ ಎರಡು ಸಲ 50 ಕೋಟಿ ತೆರಬೇಕು; ಹೊರಗಿನ ನೆರವು 80 ಕೋಟಿಗೆ ಕುಗ್ಗುತ್ತದೆ. ಗಂಟೆಯ ಎಣಿಕೆ ಯಾವ ಕ್ಷಣದಿಂದ ಶುರು ಎಂಬುದನ್ನು ಕಂಪನಿಗಳು ಅಷ್ಟು ಯೋಚಿಸಿ ಆರಿಸುವುದು ಇದಕ್ಕೇ. ಸರ್ವೇಯರ್ ವರದಿಯಲ್ಲಿ ನೀರು ನುಗ್ಗಿದ ದಿನ, ಹೊತ್ತು ಸರಿಯಾಗಿರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಮರುವಿಮೆದಾರರೂ ತಮ್ಮ ಹೊರೆಯನ್ನು ಮತ್ತೊಬ್ಬರಿಗೆ ದಾಟಿಸುತ್ತಾರೆ. ಹಾಗಾಗಿ ಎಲ್ಲೋ ಬೀಸಿದ ಚಂಡಮಾರುತದ ಬಿಸಿ ಕುಂಬಳೆಯ ಎಣ್ಣೆ ಗಿರಣಿಯ ಪ್ರೀಮಿಯಂಗೂ ತಟ್ಟಬಹುದು. ಭಾರತದಲ್ಲಿ ಹೆಚ್ಚಿನ ಒಪ್ಪಂದಗಳು ಏಪ್ರಿಲ್ 1ಕ್ಕೆ ನವೀಕರಣಗೊಳ್ಳುತ್ತವೆ. ದರ ಏರಿದ್ದು ಆಮೇಲಷ್ಟೇ ನಮ್ಮ ಕಡೆ ಗೊತ್ತಾಗುತ್ತದೆ.

ದೊಡ್ಡ ಕ್ಲೈಮುಗಳಲ್ಲಿ ಮರುವಿಮೆದಾರರು ಕಾಗದಪತ್ರ ಕೇಳುವುದುಂಟು, ಅದರಿಂದ ತಡವಾಗುವುದೂ ಉಂಟು. ಆದರೆ ‘ಅವರ ಹಣ ಬಂದಿಲ್ಲ, ಬಂದ ಮೇಲೆ ಕೊಡುತ್ತೇವೆ’ ಎಂದರೆ ಒಪ್ಪಬೇಡಿ. ನಿಮ್ಮ ಪಾಲಿಸಿ ಇರುವುದು ವಿಮಾ ಕಂಪನಿಯೊಡನೆ. ಆ ಮಾತನ್ನು ಬರಹದಲ್ಲಿ ಕೊಡಿ ಎಂದು ಕೇಳಿ.