ಒಂದು, ಮೂರು, ಒಂದು

ಗಿಟಾರಿನ ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಸುಮ್ನೆ ಒಮ್ಮೆ ಮೀಟಿ. ಆಮೇಲೆ ಅದೇ ತಂತಿಯಲ್ಲಿ ಒಂದನೇ ಫ್ರೆಟ್ (ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ). ಆಮೇಲೆ ನಾಲ್ಕನೆಯದು. ಕೊನೆಗೆ ಐದನೆಯದು. ಅವಸರ ಬೇಡ, ಒಂದೊಂದು ಸ್ವರವೂ ಪೂರ್ತಿ ಕಿವಿಗೆ ಬೀಳಲಿ. ನಾಲ್ಕೇ ಸ್ವರ. ಆದರೂ ಯಾವುದೋ ದೂರದ ನಾಡಿನ ಹಾಡು ಶುರುವಾದ ಹಾಗೆ ಅನಿಸುತ್ತದೆ, ಅಲ್ವಾ?

'ಎಕ್ಸಾಟಿಕ್ ಸ್ಕೇಲ್', ಅಂದರೆ ದೂರದ ನಾಡಿನದು ಅನಿಸುವ ಸ್ವರಸಾಲು, ಕಲಿಯಬೇಕು ಅಂತ ಹೊರಡುವವರು ಹೆಚ್ಚಾಗಿ ಹುಡುಕುತ್ತಿರುವುದು ಈ ನಾಲ್ಕು ಸ್ವರಗಳನ್ನೇ. ಹಾರ್ಮೋನಿಕ್ ಮೈನರ್, ಫ್ರಿಜಿಯನ್ ಡಾಮಿನೆಂಟ್, ಉಕ್ರೇನಿಯನ್ ಡೋರಿಯನ್, ಹಂಗೇರಿಯನ್ ಮೈನರ್, ಡಬಲ್ ಹಾರ್ಮೋನಿಕ್. ಹೆಸರುಗಳೇ ಹೆದರಿಸುತ್ತವೆ. ಒಂದೊಂದಕ್ಕೂ ಬೇರೆ ಚಿತ್ರ, ಬೇರೆ ಚುಕ್ಕೆಗಳು. ಆದರೆ ಆ ಚಿತ್ರಗಳ ಒಳಗೆ ಮತ್ತೆ ಮತ್ತೆ ಬರುವ ಗಂಟು ಒಂದೇ: ಒಂದು ಫ್ರೆಟ್, ಮೂರು ಫ್ರೆಟ್, ಒಂದು ಫ್ರೆಟ್. 1-3-1.

ನಾನು ಕಲಿಯಲು ಶುರು ಮಾಡಿದಾಗ ಒಬ್ಬರು ಏಳು ಮೋಡ್‌ಗಳ (ಒಂದೇ ಸ್ಕೇಲನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡುವ ಸಾಲುಗಳ) ಏಳು ಚಿತ್ರ ಕೊಟ್ಟು, ಬಾಯಿಪಾಠ ಮಾಡು ಅಂದರು. ಒಂದು ವರ್ಷ ಮಾಡಿದೆ. ಬೆರಳುಗಳು ಓಡಿದವು, ಆದರೆ ಏಳೂ ಒಂದೇ ಥರ ಕೇಳಿಸಿದವು. ಕೇಳಿಸಲೇಬೇಕಿತ್ತು. ಏಳರಲ್ಲೂ ಇದ್ದದ್ದು ಅವೇ ಸ್ವರಗಳು. ಹಿಂದೆ ಶ್ರುತಿ ಇಲ್ಲ, ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಇಲ್ಲ. ಯಾವುದು 'ಸ' ಅಂತ ಕಿವಿಗೆ ಯಾರೂ ಹೇಳಿರಲಿಲ್ಲ. ಇವತ್ತಿಗೂ ಎಷ್ಟೋ ಮಂದಿಗೆ ಇದೇ ರೀತಿ ಕಲಿಸುತ್ತಾರೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆಯೋಣ. 'ಮೂರು ಫ್ರೆಟ್‌ಗಳ ಜಿಗಿತವೇ ಎಕ್ಸಾಟಿಕ್' ಅಂತ ಬಹಳ ಜನ ಹೇಳುತ್ತಾರೆ. ಹಾಗಲ್ಲ. ಮೈನರ್ ಪೆಂಟಟಾನಿಕ್ ಎಂಬ ಐದು ಸ್ವರಗಳ ಸಾಲು ತಗೊಳ್ಳಿ. ಅದರ ಹೆಜ್ಜೆಗಳು 3-2-2-3-2. ಮೂರರ ಜಿಗಿತ ಎರಡೆರಡು ಸಲ ಇದೆ. ಬ್ಲೂಸ್, ರಾಕ್ ನುಡಿಸುವವರೆಲ್ಲ ದಿನವೂ ಅದನ್ನು ಜಿಗಿಯುತ್ತಾರೆ. ಅದನ್ನು ಯಾರೂ ಮರುಭೂಮಿಯ ಸಂಗೀತ ಅನ್ನುವುದಿಲ್ಲ. ಹಾಗಾದರೆ ಅದೇ ಮೂರು ಫ್ರೆಟ್ ಹಾರ್ಮೋನಿಕ್ ಮೈನರ್‌ನಲ್ಲಿ ಬಂದಾಗ ಕಿವಿ ಯಾಕೆ ಬೆಚ್ಚುತ್ತದೆ?

ನೆರೆಹೊರೆಯಿಂದ. ಪೆಂಟಟಾನಿಕ್‌ನಲ್ಲಿ ಮೂರರ ಪಕ್ಕ ಎರಡಿದೆ. ಇಲ್ಲಿ ಎರಡೂ ಕಡೆ ಒಂದಿದೆ.

ಮೆಟ್ಟಿಲು ಹತ್ತುವುದನ್ನು ನೆನೆಸಿಕೊಳ್ಳಿ. ಎರಡಡಿ, ಮೂರಡಿ, ಎರಡಡಿ ಎತ್ತರದ ಮೆಟ್ಟಿಲಾದರೆ ಕಾಲು ಹೇಗೋ ಹೊಂದಿಕೊಳ್ಳುತ್ತದೆ. ಒಂದಡಿ ಹತ್ತಿ, ತಟ್ಟನೆ ಮೂರಡಿ ಹತ್ತಿ, ಮತ್ತೆ ಒಂದಡಿಗೆ ಬಂದರೆ? ಮೈ ಪೂರ್ತಿ ಎಚ್ಚರವಾಗುತ್ತದೆ. ಹಳ್ಳ ದಾಟುವಾಗಲೂ ಅಷ್ಟೇ. ಕಲ್ಲುಗಳು ಒತ್ತೊತ್ತಾಗಿದ್ದು ನಡುವೆ ಒಂದು ಮಾತ್ರ ಇಲ್ಲದಿದ್ದರೆ, ಆ ಇಲ್ಲದ ಕಲ್ಲೇ ಎದ್ದು ಕಾಣುತ್ತದೆ. ಮಾತಿನಲ್ಲೂ ಹಾಗೆಯೇ. ಪಟಪಟ ಮಾತಾಡುವವರು ನಡುವೆ ಸ್ವಲ್ಪ ನಿಲ್ಲಿಸಿದರೆ ಎಲ್ಲರೂ ತಲೆ ಎತ್ತಿ ನೋಡುತ್ತಾರೆ.

ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ಇನ್ನೂ ಹತ್ತಿರದ ಹೋಲಿಕೆ ಇದೆ. ಲಘು, ಗುರು, ಲಘು. ಅದು ಜಗಣ. ನಮ್ಮ 1-3-1 ಸ್ವರಗಳ ಜಗಣ. ನಡುವಿನ ಗುರುವಿಗೆ ತೂಕ ಬರುವುದು ಆಚೀಚೆ ಲಘುಗಳಿರುವುದರಿಂದ.

ಅಂಕಿಯಲ್ಲೂ ಇದು ಕಾಣುತ್ತದೆ. ಮೊದಲು ಮೀಟಿದ ಆ ನಾಲ್ಕು ಸ್ವರಗಳಿಗೆ ಪಾಶ್ಚಾತ್ಯ ಸಂಗೀತದಲ್ಲಿ ಇ, ಎಫ್, ಜಿ ಶಾರ್ಪ್, ಎ ಅಂತ ಹೆಸರು. ಸೆಕೆಂಡಿಗೆ ಸುಮಾರು 82.4, 87.3, 103.8, 110 ಕಂಪನಗಳು. ಮೊದಲ ಹೆಜ್ಜೆಗೆ 5 ಕಂಪನದಷ್ಟು ಏರಿಕೆ, ಮುಂದಿನದಕ್ಕೆ ಒಮ್ಮೆಲೇ 16ಕ್ಕಿಂತ ಜಾಸ್ತಿ, ಆಮೇಲೆ ಮತ್ತೆ 6ರ ಆಸುಪಾಸು.

ಫ್ರೆಟ್‌ನ ಮಾತು ಬಂದಿದ್ದರಿಂದ ಅದರ ಕಥೆಯನ್ನೂ ಹೇಳಿಬಿಡುತ್ತೇನೆ, ಬಿಡಲು ಮನಸ್ಸಿಲ್ಲ. ಪ್ರತಿ ಫ್ರೆಟ್ ಕಂಪನವನ್ನು ಸುಮಾರು 1.0595 ಪಟ್ಟು ಏರಿಸುತ್ತದೆ. ಹನ್ನೆರಡು ಸಲ ಹೀಗೆ ಗುಣಿಸಿದರೆ ಸರಿಯಾಗಿ ಎರಡು ಪಟ್ಟು, ಅಂದರೆ ಮೇಲಿನ 'ಸ'. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇದನ್ನು ಮರದ ಮೇಲೆ ಗುರುತು ಮಾಡುವುದು ಹೇಗೆ? 1581ರಲ್ಲಿ ವಿನ್ಸೆಂಜೊ ಗೆಲಿಲಿ ಒಂದು ಸುಲಭ ಸೂತ್ರ ಕೊಟ್ಟರು: ಉಳಿದಿರುವ ತಂತಿಯ ಉದ್ದವನ್ನು 18 ಭಾಗ ಮಾಡಿ, ಒಂದು ಭಾಗ ಬಿಟ್ಟು ಫ್ರೆಟ್ ಕಟ್ಟಿ. ಇವರು ಲೂಟ್ ಎಂಬ ಹಳೆಯ ತಂತಿವಾದ್ಯದ ವಾದಕರು, ಖಗೋಳ ವಿಜ್ಞಾನಿ ಗೆಲಿಲಿಯೊ ಅವರ ತಂದೆ. ಈಗಿನ ಲೆಕ್ಕದಲ್ಲಿ ಆ 18ರ ಜಾಗದಲ್ಲಿ 17.817 ಇದೆ. 648 ಮಿಲಿಮೀಟರ್ ಉದ್ದದ ತಂತಿಗೆ 18ರ ಸೂತ್ರ ಹಾಕಿದರೆ ಹನ್ನೆರಡನೇ ಫ್ರೆಟ್‌ನಿಂದಾಚೆ ಉಳಿಯುವುದು ಸುಮಾರು 326.4 ಮಿಲಿಮೀಟರ್. ಇರಬೇಕಾದದ್ದು 324. ಬರಿಯ ತಲೆಲೆಕ್ಕದಿಂದ ಇಷ್ಟು ಹತ್ತಿರ ಬಂದದ್ದು ನನಗೆ ಈಗಲೂ ಬೆರಗು.

ಸರಿ, ಈ 1-3-1 ಹುಟ್ಟಿದ್ದು ಎಲ್ಲಿ? ಹಾರ್ಮೋನಿಕ್ ಮೈನರ್‌ನಲ್ಲಿ ಅದು ಪೂರ್ವ ದೇಶಗಳಿಂದ ಬಂದದ್ದಲ್ಲ. ಯುರೋಪಿನ ಕಾರ್ಡ್‌ಗಳ ಅಗತ್ಯದಿಂದ ಬಂದದ್ದು. ಎ ಮೈನರ್‌ನ ಸಹಜ ಸ್ವರಗಳು ಎ, ಬಿ, ಸಿ, ಡಿ, ಇ, ಎಫ್, ಜಿ. ಇಲ್ಲಿ ಜಿಯಿಂದ ಎಗೆ ಎರಡು ಫ್ರೆಟ್ ದೂರ. ಆದ್ದರಿಂದ ಇ ಕಾರ್ಡಿನಿಂದ ಎ ಕಾರ್ಡಿಗೆ ಮರಳುವಾಗ ಸೆಳೆತ ಸಾಲದು. ಜಿಯನ್ನು ಒಂದು ಫ್ರೆಟ್ ಮೇಲೇರಿಸಿದರು. ಅದು ಎ ಪಕ್ಕಕ್ಕೇ ಬಂದು ಕೂತಿತು, ಮನೆ ಬಾಗಿಲು ತಟ್ಟುವಷ್ಟು ಹತ್ತಿರ. ಆದರೆ ಅದು ಬಿಟ್ಟು ಬಂದ ಕಡೆ, ಎಫ್‌ನ ಪಕ್ಕದಲ್ಲಿ, ಮೂರು ಫ್ರೆಟ್‌ಗಳ ಹೊಂಡ ಬಿತ್ತು. ಹಾಡುವವರಿಗೆ ಅದು ತೊಡಕಾಯಿತು. ಹಾಗಾಗಿ ಏರುವಾಗ ಎಫ್ ಅನ್ನೂ ಒಂದು ಫ್ರೆಟ್ ಏರಿಸಿ ಹೊಂಡ ಮುಚ್ಚಿದರು. ಅದೇ ಮೆಲಾಡಿಕ್ ಮೈನರ್. ಅದರ ಮೋಡ್‌ಗಳೂ ಚೆಂದ. ನಾಲ್ಕನೇ ಸ್ವರದಿಂದ ಹೊರಟರೆ ಕರ್ನಾಟಕ ಸಂಗೀತದ ವಾಚಸ್ಪತಿ ರಾಗ, ಐದನೆಯದರಿಂದ ಹೊರಟರೆ ಚಾರುಕೇಶಿ. ಆದರೆ ಅಲ್ಲಿ ಜಗಣ ಇಲ್ಲ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಮೋಡ್. ಛಂದಸ್ಸಿನ 'ಯಮಾತಾರಾಜಭಾನಸಲಗಂ' ನೆನಪಿದೆ ತಾನೆ? ಒಂದೇ ಸಾಲು. 'ಯ'ದಿಂದ ಮೂರಕ್ಷರ ಓದಿದರೆ ಯಗಣ, 'ಮಾ'ದಿಂದ ಓದಿದರೆ ಮಗಣ, 'ತಾ'ದಿಂದ ತಗಣ. ಅಕ್ಷರಗಳು ಜಾಗ ಬಿಟ್ಟು ಕದಲಲಿಲ್ಲ. ಶುರು ಮಾಡುವ ಜಾಗ ಬದಲಾಯಿತು, ಗಣ ಬದಲಾಯಿತು. ಮೋಡ್ ಅಂದರೆ ಇದೇ. ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಗ್ರಹಭೇದ ಅನ್ನುತ್ತಾರೆ: ಸ್ವರಗಳನ್ನು ಹಾಗೇ ಇಟ್ಟು ಆಧಾರ ಷಡ್ಜವನ್ನು ಬೇರೆಡೆಗೆ ಒಯ್ಯುವುದು.

ಆದರೆ ಶುರು ಮಾಡುವ ಜಾಗ ಬದಲಿಸಿದರೆ ಸಾಲದು, ಆ ಜಾಗವೇ ಮನೆ ಅಂತ ಕಿವಿಗೆ ಒಪ್ಪಿಸಬೇಕು. ನನ್ನ ಒಂದು ವರ್ಷ ವ್ಯರ್ಥವಾದದ್ದು ಇಲ್ಲೇ. 1982ರಲ್ಲಿ ಕ್ಯಾರಲ್ ಕ್ರುಮ್‌ಹಾನ್ಸ್ಲ್ ಮತ್ತು ಎಡ್ವರ್ಡ್ ಕೆಸ್ಲರ್ ಪ್ರಕಟಿಸಿದ ಪ್ರಯೋಗಗಳಲ್ಲಿ ಸಂಗೀತ ಬಲ್ಲವರಿಗೆ ಮೊದಲು ಕಾರ್ಡ್‌ಗಳನ್ನೋ ಸ್ಕೇಲನ್ನೋ ಕೇಳಿಸಿದರು. ನಂತರ ಹನ್ನೆರಡು ಸ್ವರಗಳಲ್ಲಿ ಒಂದನ್ನು ನುಡಿಸಿ, ಇದು ಎಷ್ಟು ಹೊಂದುತ್ತದೆ ಅಂತ ಅಂಕ ಕೊಡಲು ಹೇಳಿದರು. 'ಸ'ಗೆ ಅತಿ ಹೆಚ್ಚು ಅಂಕ ಬಂತು, ಸ್ಕೇಲಿನ ಹೊರಗಿನ ಸ್ವರಗಳು ಕೆಳಗೆ ಉಳಿದವು. ಅಂದರೆ ಕಿವಿ ಮೊದಲು ಒಂದು ನಕ್ಷೆ ಬರೆದುಕೊಳ್ಳುತ್ತದೆ. ಪ್ರತಿ ಸ್ವರವನ್ನೂ ಆ ನಕ್ಷೆಯ ಮೇಲಿಟ್ಟು ಅಳೆಯುತ್ತದೆ. ನಕ್ಷೆಯ ನಡುಬಿಂದು ಸರಿಸಿದರೆ ಅದೇ ಸ್ವರಕ್ಕೆ ಬೇರೆ ಅರ್ಥ.

ಗಿಟಾರಿನಲ್ಲಿ ಇದಕ್ಕೊಂದು ಅದೃಷ್ಟ ಇದೆ. ಎ ಹಾರ್ಮೋನಿಕ್ ಮೈನರ್‌ನ ಸ್ವರಗಳು ಎ, ಬಿ, ಸಿ, ಡಿ, ಇ, ಎಫ್, ಜಿ ಶಾರ್ಪ್. ಗಿಟಾರಿನ ಮೂರು ದಪ್ಪ ತಂತಿಗಳು, ಅಂದರೆ ಆರನೇ, ಐದನೇ, ನಾಲ್ಕನೇ ತಂತಿಗಳು, ಇ, ಎ, ಡಿ. ಮೂರೂ ಈ ಸ್ಕೇಲಿನೊಳಗೇ ಇವೆ! ಐದನೇ ತಂತಿ ಎಯನ್ನು ಓಪನ್ ಆಗಿ, ಅಂದರೆ ಎಲ್ಲೂ ಒತ್ತದೆ, ಗುಂಯ್‌ಗುಡಲು ಬಿಟ್ಟು, ಮೇಲಿನ ತಂತಿಗಳಲ್ಲಿ ಈ ಏಳು ಸ್ವರ ನುಡಿಸಿ. ಜಗಣ ಪಂಚಮದಿಂದ ಮೇಲಿನ ಷಡ್ಜದವರೆಗೆ ಬರುತ್ತದೆ. ಇದು ಕೀರವಾಣಿ. ಈಗ ಎಯನ್ನು ಕೈಯಿಂದ ಅದುಮಿ, ಆರನೇ ತಂತಿ ಇಯನ್ನು ಮೊಳಗಿಸಿ. ಮತ್ತೆ ಅವೇ ಏಳು ಸ್ವರ. ಈ ಸಲ ಜಗಣ ಷಡ್ಜದ ಮೇಲೇ ಕೂತಿದೆ, ಹೊರಟ ಕೂಡಲೇ ಜಿಗಿತ. ಫ್ರಿಜಿಯನ್ ಡಾಮಿನೆಂಟ್ ಅನ್ನುವುದು ಇದನ್ನೇ, ನಮಗೆ ವಕುಳಾಭರಣ. ನಾಲ್ಕನೇ ತಂತಿ ಡಿಯನ್ನು ಮೊಳಗಿಸಿದರೆ ಜಗಣ ರಿಷಭದಿಂದ ಪಂಚಮಕ್ಕೆ ಹೋಗುತ್ತದೆ. ಉಕ್ರೇನಿಯನ್ ಡೋರಿಯನ್, ಅಂದರೆ ಹೇಮವತಿ. ಗಂಟು ಅದೇ, ಕಟ್ಟಿದ ಜಾಗ ಬೇರೆ. ಚಿತ್ರ ನೋಡದೆ ಈ ಮೂರನ್ನು ಕಿವಿಯಿಂದಲೇ ಬೇರೆ ಮಾಡಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ನಾಲ್ಕನೆಯದಕ್ಕೆ ಮಾತ್ರ ಸ್ವಲ್ಪ ಶ್ರಮ. ಎಫ್ ಆಧಾರವಾಗಬೇಕು. ಆರನೇ ತಂತಿಯನ್ನು ಒಂದು ಫ್ರೆಟ್‌ನಷ್ಟು ಬಿಗಿ ಮಾಡಿಕೊಳ್ಳಿ. ಈಗ ಬರುವುದು ಕೋಸಲ. ಅಲ್ಲಿ ಷಡ್ಜದಿಂದ ಮೂರು ಫ್ರೆಟ್ ಮೇಲಿರುವ ಸ್ವರವನ್ನು ಷಟ್‌ಶ್ರುತಿ ರಿಷಭ ಅನ್ನುತ್ತಾರೆ. ಕೀರವಾಣಿಯಲ್ಲಿ ಅಷ್ಟೇ ದೂರದ ಸ್ವರಕ್ಕೆ ಸಾಧಾರಣ ಗಾಂಧಾರ ಅಂತ ಹೆಸರು. ಜಾಗ ಒಂದೇ, ಹೆಸರು ಎರಡು. ನೆರೆಹೊರೆ ನೋಡಿ ಹೆಸರಿಟ್ಟಿದ್ದಾರೆ. ನಾನು ಇಷ್ಟು ಹೊತ್ತು ಹೇಳುತ್ತಿರುವುದೂ ಇದನ್ನೇ.

ಉಳಿದ ಮೂರು ಮೋಡ್‌ಗಳಲ್ಲಿ ಶುದ್ಧ ಪಂಚಮ ಸಿಗುವುದಿಲ್ಲ. ಕಲಿಯುವವರು ಅವನ್ನು ಸದ್ಯಕ್ಕೆ ಬಿಡಬಹುದು.

ಡಿ ಮೊಳಗುವಾಗ ಜಿ ಶಾರ್ಪ್ ಒತ್ತಿದರೆ ಆರು ಫ್ರೆಟ್‌ಗಳ ಅಂತರ. ಅದು ಟ್ರೈಟೋನ್. ಇದರ ಬಗ್ಗೆ ಒಂದು ಮೂಢನಂಬಿಕೆ ಎಲ್ಲೆಡೆ ಓಡಾಡುತ್ತಿದೆ: ಮಧ್ಯಯುಗದಲ್ಲಿ ಚರ್ಚು ಇದನ್ನು ದೆವ್ವದ ಸ್ವರ ಅಂತ ನಿಷೇಧಿಸಿತ್ತು, ನುಡಿಸಿದವರನ್ನು ಶಿಕ್ಷಿಸುತ್ತಿತ್ತು ಅಂತ. ಅಂಥ ನಿಷೇಧಕ್ಕೆ ದಾಖಲೆ ಇಲ್ಲ. 'ಸಂಗೀತದಲ್ಲಿನ ದೆವ್ವ' ಎಂಬ ಲ್ಯಾಟಿನ್ ಮಾತು ಬರಹದಲ್ಲಿ ಕಾಣುವುದು 1700ರ ನಂತರ, ಸಂಯೋಜನೆ ಕಲಿಸುವವರ ಪುಸ್ತಕಗಳಲ್ಲಿ. ಅದು ಹಾಡಲು ಕಷ್ಟ, ಎಚ್ಚರ ಅನ್ನುವುದಷ್ಟೇ ಅದರ ತಾತ್ಪರ್ಯ. ಸ್ವರದೊಳಗೆ ದೆವ್ವ ಇಲ್ಲ. ಕಂಪನಗಳು ಒಂದಕ್ಕೊಂದು ಸರಳ ಲೆಕ್ಕದಲ್ಲಿ ಕೂಡಿಕೊಳ್ಳುವುದಿಲ್ಲ, ಅಷ್ಟೇ. ಒಬ್ಬರು ಕಟ್ಟಿದ ಕಥೆಯನ್ನು ನೂರು ಜನ ಹಂಚಿದರೆ ಅದು ಇತಿಹಾಸವಾಗುವುದಿಲ್ಲ.

ಮೋಡ್‌ಗಳ ಗ್ರೀಕ್ ಹೆಸರುಗಳನ್ನೂ ಜಾಸ್ತಿ ನಂಬಬೇಡಿ. ಡೋರಿಯನ್, ಫ್ರಿಜಿಯನ್ ಹೆಸರುಗಳು ಗ್ರೀಕರವು ನಿಜ. ಆದರೆ ಅವರು ಆ ಹೆಸರಿಂದ ಕರೆದ ಸ್ವರಸಾಲುಗಳು ಬೇರೆ. ಮಧ್ಯಯುಗದ ಲೇಖಕರು ಹೆಸರುಗಳನ್ನು ಅದಲು ಬದಲು ಅಂಟಿಸಿದರು. 1547ರಲ್ಲಿ ಗ್ಲಾರಿಯಾನಸ್ ಎಂಬ ವಿದ್ವಾಂಸರು ಅಯೋನಿಯನ್, ಎಯೋಲಿಯನ್ ಸೇರಿಸಿ ಪಟ್ಟಿಯನ್ನು ಹನ್ನೆರಡಕ್ಕೆ ಏರಿಸಿದರು. ಹಾಗಾಗಿ ಹೆಸರಿನಲ್ಲಿ ಭಾವ ಹುಡುಕಬೇಡಿ, ಹೆಜ್ಜೆಯಲ್ಲಿ ಹುಡುಕಿ.

ಇನ್ನು ಎರಡು ಜಗಣ. ಬಿಗಿ ಮಾಡಿದ್ದ ಆರನೇ ತಂತಿಯನ್ನು ಮತ್ತೆ ಇಗೆ ಇಳಿಸಿಕೊಳ್ಳಿ. ಮೊದಲು ನುಡಿಸಿದ್ದನ್ನೇ ಮತ್ತೆ ಹಿಡಿಯಿರಿ: ಆರನೇ ತಂತಿಯಲ್ಲಿ ಓಪನ್, 1, 4, ಆಮೇಲೆ ಐದನೇ ತಂತಿ ಓಪನ್. ಐದನೇ ಫ್ರೆಟ್‌ನ ಸ್ವರವೇ ಪಕ್ಕದ ತಂತಿಯಲ್ಲಿ ಸಿಗುತ್ತದೆ, ಏಕೆಂದರೆ 1-3-1 ಕೂಡಿದರೆ ಐದು, ಈ ದಪ್ಪ ತಂತಿಗಳಲ್ಲಿ ಒಂದರಿಂದ ಮುಂದಿನದಕ್ಕೂ ಐದೇ. ಈಗ ಅದೇ ಆಕಾರವನ್ನು ಒಂದು ತಂತಿ ಪಕ್ಕಕ್ಕೆ, ಎರಡು ಫ್ರೆಟ್ ಮೇಲಕ್ಕೆ ಸರಿಸಿ: ಐದನೇ ತಂತಿಯಲ್ಲಿ 2, 3, 6, ಆಮೇಲೆ ನಾಲ್ಕನೇ ತಂತಿಯಲ್ಲಿ 2. ಪೂರ್ತಿ ಎಂಟು ಸ್ವರ ಮುಗಿಯಿತು. ಹೆಜ್ಜೆಗಳು 1-3-1-2-1-3-1. ಹಿಂದಿನಿಂದ ಓದಿದರೂ ಅದೇ. ಚಾರ್ಟ್‌ಗಳಲ್ಲಿ ಇದಕ್ಕೆ ಡಬಲ್ ಹಾರ್ಮೋನಿಕ್, ಬೈಜಾಂಟೈನ್ ಅಂತೆಲ್ಲ ಹೆಸರು. ಸರಳೆ ವರಸೆ ಕಲಿತವರಿಗೆ ಇದು ಮಾಯಾಮಾಳವಗೌಳ. ಕರ್ನಾಟಕ ಸಂಗೀತದ ಮೊದಲ ಪಾಠ! ಒಬ್ಬರ ಎಕ್ಸಾಟಿಕ್ ಇನ್ನೊಬ್ಬರ ಸರಿಗಮ. ಎ ತಂತಿಯನ್ನು ಮೊಳಗಿಸಿ ಇವೇ ಸ್ವರ ನುಡಿಸಿದರೆ ಹಂಗೇರಿಯನ್ ಮೈನರ್, ಅಂದರೆ ಸಿಂಹೇಂದ್ರಮಧ್ಯಮ. ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಧಾಟಿ 'ಮಿಸಿರ್ಲೂ'ವನ್ನು 1962ರಲ್ಲಿ ಡಿಕ್ ಡೇಲ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮಿಂಚಿನ ವೇಗದಲ್ಲಿ ನುಡಿಸಿದ್ದು ಈ ಎರಡು ಜಗಣಗಳ ಮೇಲೆಯೇ. ಅದರ ಆರಂಭ ದಪ್ಪ ತಂತಿಯ ಅದೇ ಓಪನ್, 1, 4.

ಒಂದು ಮಾತು ಉಳಿದಿದೆ. ಅರಬ್ ಸಂಗೀತದ ಹಿಜಾಜ್ ಎಂಬ ಸ್ವರಸಾಲಿನಲ್ಲಿ ಈ ಜಗಣ ಇದೆ ಅಂತ ಹೇಳುತ್ತಾರೆ. ಇದೆ, ಆದರೆ ಅಲ್ಲಿನ ವಾದಕರು ಎರಡನೇ ಸ್ವರವನ್ನು ಕೊಂಚ ಮೇಲೆ, ಮೂರನೆಯದನ್ನು ಕೊಂಚ ಕೆಳಗೆ ಹಿಡಿಯುತ್ತಾರೆ. ನಡುವಿನ ಹೊಂಡ ಮೂರು ಫ್ರೆಟ್‌ಗಿಂತ ಕಿರಿದು. ನಮ್ಮ ಲೋಹದ ಫ್ರೆಟ್‌ಗಳು ಅದಕ್ಕೆ ಬಾಗುವುದಿಲ್ಲ. ತಂತಿ ಬಾಗುತ್ತದೆ. ಎಳೆದರೆ ಬಿಗಿ ಹೆಚ್ಚಿ ಸ್ವರ ಏರುತ್ತದೆ, ಬಿಗಿಯ ವರ್ಗಮೂಲಕ್ಕೆ ತಕ್ಕಂತೆ. ಎರಡನೇ ಸ್ವರಕ್ಕೆ ಒಂದನೇ ಫ್ರೆಟ್ ಒತ್ತಿ ಕೂದಲೆಳೆಯಷ್ಟು ಎಳೆಯಿರಿ. ಮೂರನೆಯದಕ್ಕೆ ನಾಲ್ಕನೇ ಫ್ರೆಟ್ ಬೇಡ. ಮೂರನೇ ಫ್ರೆಟ್ ಒತ್ತಿ, ಐದನೇ ತಂತಿಯ ಕಡೆಗೆ ಎಳೆಯುತ್ತಾ ಹೋಗಿ, ಜಿ ಶಾರ್ಪ್ ಮುಟ್ಟುವ ಸ್ವಲ್ಪ ಮೊದಲೇ ನಿಲ್ಲಿಸಿ, ಅಲ್ಲೇ ಹಿಡಿದುಕೊಳ್ಳಿ.