ಕಣ್ಣಲ್ಲಿ ರಕ್ತ ಅಂದರೆ ಪಾಲಿಪ್ ಇದೆಯಾ ನೋಡಿಸಿ

ಐವತ್ತು ದಾಟಿದವರಿಗೆ ಕಣ್ಣು ಮಂಜಾದರೆ ನಮ್ಮ ಕೊಡಗಿನಲ್ಲಿ ಮೊದಲು ಕೇಳುವ ಮಾತು ‘ಪೊರೆ ಬಂದಿರಬೇಕು’. ಎಷ್ಟೋ ಸಲ ಅದು ಸರಿಯೇ. ಆದರೆ ಪೊರೆ ನಿಧಾನವಾಗಿ ಬರುತ್ತದೆ. ರಾತ್ರಿ ಸರಿಯಿದ್ದ ಕಣ್ಣಿಗೆ ಬೆಳಿಗ್ಗೆ ನೋಟದ ನಡುವೆ ಕಪ್ಪು ಕಲೆ ಕಂಡರೆ, ಕರೆಂಟ್ ಕಂಬ ಸೊಟ್ಟಗೆ ಕಂಡರೆ, ಪೊರೆ ಎಂದು ಸುಮ್ಮನಿರಬೇಡಿ. ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆ, ಅಂದರೆ ರೆಟಿನಾದ ಅಡಿಯಲ್ಲಿ ರಕ್ತವೋ ನೀರೋ ಸೇರಿಕೊಂಡಿರಬಹುದು. ‘ಕಾಫಿ ಕುಯ್ಲು ಮುಗಿಯಲಿ, ಆಮೇಲೆ ತೋರಿಸೋಣ’ ಎಂದು ಕಾಯುವ ಹಾಗಿಲ್ಲ.

ಹೀಗೆ ರಕ್ತ ಬರಿಸುವ ಒಂದು ಕಾಯಿಲೆ ಪಾಲಿಪಾಯ್ಡಲ್ ಕೋರಾಯ್ಡಲ್ ವ್ಯಾಸ್ಕುಲೋಪತಿ. ಚಿಕ್ಕದಾಗಿ ಪಿಸಿವಿ. ರೆಟಿನಾದ ಹಿಂದೆ ಕೋರಾಯ್ಡ್ ಎಂಬ ರಕ್ತನಾಳಗಳ ಪದರವಿದೆ. ಪಿಸಿವಿಯಲ್ಲಿ ಬೇಡದ ನಾಳಗಳು ಕವಲೊಡೆದು ರೆಟಿನಾದ ಅಡಿಗೆ ಹಬ್ಬುತ್ತವೆ. ಅವುಗಳ ತುದಿಯಲ್ಲಿ, ಬಳ್ಳಿಯಲ್ಲಿ ಕರಿಮೆಣಸು ಕಟ್ಟಿದ ಹಾಗೆ, ಪುಟ್ಟ ಉಬ್ಬುಗಳು ಬರುತ್ತವೆ. ಇವೇ ಪಾಲಿಪ್. ಇವು ಸೋರುತ್ತವೆ, ಕೆಲವು ಸಲ ಒಡೆಯುತ್ತವೆ. ಕ್ಯಾನ್ಸರ್ ಅಲ್ಲ, ಕರುಳಿನ ಪಾಲಿಪ್‌ಗೂ ಇದಕ್ಕೂ ಸಂಬಂಧವಿಲ್ಲ. ಆ ಹೆದರಿಕೆ ಬೇಡ.

ಅಮೆರಿಕದ ಕಣ್ಣಿನ ಡಾಕ್ಟರ್ ಲಾರೆನ್ಸ್ ಯನುಝಿ 1982ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಬಿಳಿಯರಿಗಿಂತ ಏಷ್ಯಾದ ಜನರಲ್ಲಿ ಇದು ಜಾಸ್ತಿ ಎಂಬುದು ಆಮೇಲೆ ಸ್ಪಷ್ಟವಾಯಿತು. ನಾವೂ ಅದರಲ್ಲೇ ಬಂದೆವು ಅಲ್ವಾ? ಅದಕ್ಕೇ ಚೀಟಿಯಲ್ಲಿ ‘ವೆಟ್ ಎಎಂಡಿ’ (ವಯಸ್ಸಾದವರಲ್ಲಿ ರೆಟಿನಾದ ಅಡಿಯ ನಾಳಗಳು ಸೋರುವ ಕಾಯಿಲೆ) ಎಂದು ಬರೆದು ಇಂಜೆಕ್ಷನ್ ಶುರು ಮಾಡಿ ಅಲ್ಲಿಗೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಇಂಜೆಕ್ಷನ್ ಕೊಟ್ಟರೂ ನೀರು ಆರುತ್ತಿಲ್ಲ, ರಕ್ತ ಮತ್ತೆ ಬರುತ್ತಿದೆ ಎಂದರೆ ಪಾಲಿಪ್ ಹುಡುಕಲೇಬೇಕು.

ಹುಡುಕಲು ಒಳ್ಳೆಯ ದಾರಿ ಐಸಿಜಿ ಆಂಜಿಯೋಗ್ರಫಿ. ಕೈಯ ನರಕ್ಕೆ ಐಸಿಜಿ ಎಂಬ ಹಸಿರು ಡೈ ಕೊಟ್ಟು ಕಣ್ಣಿನ ಫೋಟೋ ತೆಗೆಯುತ್ತಾರೆ. ಸಾಮಾನ್ಯವಾಗಿ ಮಾಡುವ ಫ್ಲೋರೆಸೀನ್ ಎಂಬ ಇನ್ನೊಂದು ಡೈ ಪರೀಕ್ಷೆಯಲ್ಲಿ ಮೇಲಿನ ರಕ್ತ ಒಳಗಿನದನ್ನು ಮುಚ್ಚಿಬಿಡುತ್ತದೆ. ಐಸಿಜಿ ಕೆಲಸ ಮಾಡುವುದು ಇನ್ಫ್ರಾರೆಡ್ ಬೆಳಕಿನಲ್ಲಿ. ಆ ಬೆಳಕು ತೆಳುವಾದ ರಕ್ತದ ಪದರ ದಾಟಿ ಬರುತ್ತದೆ. ಮೊದಲ ಐದಾರು ನಿಮಿಷದಲ್ಲೇ ಪಾಲಿಪ್ ಹೊಳೆಯುತ್ತದೆ. ಡೈನಲ್ಲಿ ಅಯೋಡಿನ್ ಇರುತ್ತದೆ, ಅಲರ್ಜಿ ಇದ್ದರೆ ಮೊದಲೇ ಹೇಳಿ. ಲಿವರ್ ತೊಂದರೆ ಇದ್ದರೂ ಹೇಳಿ.

ಈ ಯಂತ್ರ ಎಲ್ಲ ಕಣ್ಣಾಸ್ಪತ್ರೆಯಲ್ಲೂ ಇರುವುದಿಲ್ಲ. ನಮ್ಮವರು ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಬಹುದು. ಆದರೆ ರೆಟಿನಾದ ಪದರಗಳನ್ನು ಬೆಳಕಿನಿಂದ ತೋರಿಸುವ ಒಸಿಟಿ ಸ್ಕ್ಯಾನ್ ಕೂಡ ಸಾಕಷ್ಟು ಹೇಳುತ್ತದೆ. ರೆಟಿನಾದ ಕೆಳಪದರ ಚೂಪಾಗಿ ಎದ್ದಿರುವುದು, ಅದರ ಅಡಿಯಲ್ಲಿ ಉಂಗುರದ ಆಕಾರ ಕಾಣುವುದು ಪಾಲಿಪ್‌ನ ಗುರುತು. ಐಸಿಜಿ ಇಲ್ಲದ ಕಡೆ ಇಂಥ ಗುರುತುಗಳಿಂದಲೇ ಪಿಸಿವಿ ಹಿಡಿಯಬಹುದು ಎಂದು 2021ರಲ್ಲಿ ಏಷ್ಯಾ ಪೆಸಿಫಿಕ್ ತಜ್ಞರ ಗುಂಪು ಮಾನದಂಡ ಕೊಟ್ಟಿತು. ಸ್ಕ್ಯಾನ್ ಪ್ರತಿಯನ್ನು ಪ್ರತಿ ಸಲವೂ ಕೇಳಿ ಇಟ್ಟುಕೊಳ್ಳಿ.

ಚಿಕಿತ್ಸೆ ಎರಡು ಬಗೆ. ಒಂದು, ಬೇಡದ ನಾಳಗಳ ಬೆಳವಣಿಗೆ ಮತ್ತು ಸೋರಿಕೆ ತಡೆಯಲು ಕಣ್ಣೊಳಗೆ ಕೊಡುವ ಆಂಟಿ-ವಿಇಜಿಎಫ್ ಇಂಜೆಕ್ಷನ್; ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಈ ಜಾತಿಯವು. ಇನ್ನೊಂದು ಪಿಡಿಟಿ, ಅಂದರೆ ವರ್ಟೆಪೋರ್ಫಿನ್ ಎಂಬ ಔಷಧಿಯನ್ನು ನರಕ್ಕೆ ಕೊಟ್ಟು, ಕಡಿಮೆ ಶಕ್ತಿಯ ಲೇಸರನ್ನು ಪಾಲಿಪ್ ಇರುವ ಜಾಗಕ್ಕೆ ಬಿಡುವುದು. ಎವರೆಸ್ಟ್-2 ಅಧ್ಯಯನದಲ್ಲಿ ಎರಡನ್ನೂ ಸೇರಿಸಿ ಕೊಟ್ಟಾಗ ಒಂದು ವರ್ಷದಲ್ಲಿ ಸುಮಾರು 69% ಜನರ ಪಾಲಿಪ್ ಪೂರ್ತಿ ಮುಚ್ಚಿತು. ರಾನಿಬಿಜುಮ್ಯಾಬ್ ಇಂಜೆಕ್ಷನ್ ಮಾತ್ರ ಪಡೆದವರಲ್ಲಿ ಸುಮಾರು 35%. ಅಫ್ಲಿಬರ್ಸೆಪ್ಟ್ ಇಂಜೆಕ್ಷನ್ ಒಂದರಿಂದಲೇ ಹೆಚ್ಚಿನವರಿಗೆ ಪಿಡಿಟಿ ಇಲ್ಲದೆ ನಡೆಯುತ್ತದೆ ಎಂದು ಪ್ಲಾನೆಟ್ ಅಧ್ಯಯನ ತೋರಿಸಿತು. 2021ರಿಂದೀಚೆಗೆ ವರ್ಟೆಪೋರ್ಫಿನ್ ಸಿಗುವುದು ಜಗತ್ತಿನಾದ್ಯಂತ ಕಷ್ಟವಾಗಿದೆ. ಹಾಗಾಗಿ ನಾನು ಇಂಜೆಕ್ಷನ್‌ನಿಂದ ಶುರು ಮಾಡಿ, ಪಾಲಿಪ್ ಜಗ್ಗದಿದ್ದರೆ ಪಿಡಿಟಿ ಕಡೆ ನೋಡುತ್ತೇನೆ. ಪಿಡಿಟಿ ಆದವರು ಐದು ದಿನ ಮೈಗೆ ನೇರ ಬಿಸಿಲು ತಾಗಿಸಬಾರದು. ಕಣದಲ್ಲಿ ಕಾಫಿ ಒಣಗಿಸುವ ಕೆಲಸವನ್ನು ಆ ದಿನಗಳಲ್ಲಿ ಬೇರೆಯವರಿಗೆ ವಹಿಸಿ.

ನನಗೆ ಹೆಚ್ಚು ಚಿಂತೆ ಮಳೆಗಾಲದ್ದು. ಜೂನ್‌ನಲ್ಲಿ ಮಳೆ ಹಿಡಿದರೆ ಜನ ಇಂಜೆಕ್ಷನ್ ತಪ್ಪಿಸುತ್ತಾರೆ. ದಾರಿಯಲ್ಲಿ ಗುಡ್ಡ ಜರಿಯುತ್ತದೆ, ಕರೆದುಕೊಂಡು ಹೋಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಪಾಲಿಪ್ ಮಳೆ ನಿಲ್ಲಲಿ ಎಂದು ಕಾಯುವುದಿಲ್ಲ. ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಕೂತು ಮಳೆಗಾಲದ ತಾರೀಕುಗಳನ್ನು ಗೊತ್ತು ಮಾಡಿಕೊಳ್ಳಿ. ನಡುವೆ ಮನೆಯಲ್ಲೇ ಒಂದೊಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಗೆರೆ ಬಾಗಿದರೆ ಕೂಡಲೇ ಫೋನ್ ಮಾಡಿ. ಬಿಪಿ ಹಿಡಿತದಲ್ಲಿರಲಿ, ಬೀಡಿ ಸಿಗರೇಟು ಬಿಡಿ. ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಕಣ್ಣಿನ ಹೆದರಿಕೆಯಿಂದ ಅದನ್ನು ನಿಲ್ಲಿಸಬೇಡಿ.

ಜಾಸ್ತಿ ರಕ್ತ ಸೇರಿದ್ದರೆ ಆಪರೇಷನ್ ಮಾಡಿ, ಅದನ್ನು ನೋಟದ ನಡುವಿನಿಂದ ಸರಿಸಲು ಕಣ್ಣೊಳಗೆ ಗ್ಯಾಸ್ ತುಂಬುವುದುಂಟು. ಇದನ್ನು ಮೊದಲ ಎರಡು ವಾರದೊಳಗೆ ಮಾಡಿದರೆ ಫಲ ಜಾಸ್ತಿ. ಎತ್ತರಕ್ಕೆ ಹೋದ ಹಾಗೆ ಆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಮಡಿಕೇರಿ 1,100 ಮೀಟರ್‌ಗೂ ಮೇಲೆ. ಆಪರೇಷನ್‌ಗೆ ಮೊದಲೇ ನಿಮ್ಮ ಮನೆ ಎಲ್ಲಿದೆ ಎಂದು ಡಾಕ್ಟರಿಗೆ ಹೇಳಿ. ಅವರು ಒಪ್ಪುವವರೆಗೆ ಸಂಪಾಜೆ ಘಾಟಿ ಹತ್ತದೆ ಕೆಳಗೇ ನೆಂಟರ ಮನೆಯಲ್ಲಿ ಇರಿ.